ಕಟ್ಟುವ ಮೊದಲು ಬಿಡಬೇಕಾದ ಜಾಗ: ನಗರದಂಚಿನ ಭೂದೃಶ್ಯ ಯೋಜನೆ

ಲ್ಯಾಂಡ್‌ಸ್ಕೇಪ್ ಅಂದ ಕೂಡಲೇ ನಮ್ಮಲ್ಲಿ ಬಹಳ ಜನರಿಗೆ ನೆನಪಾಗೋದು ಅಪಾರ್ಟ್‌ಮೆಂಟ್ ಜಾಹೀರಾತಿನಲ್ಲಿ ಕಾಣುವ ಹಸಿರು ಹುಲ್ಲುಹಾಸು, ಒಂದು ಕಾರಂಜಿ, ಸಾಲಾಗಿ ನೆಟ್ಟ ಅಲಂಕಾರದ ಗಿಡಗಳು. ಕಟ್ಟಡವೆಲ್ಲ ಮುಗಿದ ಮೇಲೆ ಉಳಿದ ಜಾಗಕ್ಕೆ ಮಾಡುವ ಮೇಕಪ್ ಇದ್ದ ಹಾಗೆ. ಈ ಲೇಖನದಲ್ಲಿ ಹೇಳಹೊರಟಿರುವ 'ಭೂದೃಶ್ಯ ಯೋಜನೆ' ಅಂದರೆ ಲ್ಯಾಂಡ್‌ಸ್ಕೇಪ್ ಪ್ಲಾನಿಂಗ್ ಇದರ ತದ್ವಿರುದ್ಧ. ಅದು ಕಟ್ಟಡ ಮುಗಿದ ಮೇಲೆ ಬರುವುದಲ್ಲ, ಕಟ್ಟಡಕ್ಕಿಂತ ಮೊದಲು ಬರಬೇಕಾದದ್ದು. ಒಂದು ಪ್ರದೇಶದಲ್ಲಿ ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ, ಎಲ್ಲಿ ಇಂಗುತ್ತದೆ, ಯಾವ ಮಣ್ಣು ಬೆಳೆಗೆ ಒಳ್ಳೇದು, ಮರ ಎಲ್ಲಿದೆ, ಜನ ಆ ಜಾಗವನ್ನು ಹೇಗೆ ಬಳಸುತ್ತಿದ್ದಾರೆ ಅಂತ ತಿಳಿದುಕೊಂಡು, ಯಾವುದನ್ನು ಮುಟ್ಟಬಾರದು, ಎಲ್ಲಿ ಕಟ್ಟಬಹುದು ಎಂದು ನಿರ್ಧರಿಸುವ ವಿದ್ಯೆ ಇದು.

ಇದು ಎಲ್ಲಕ್ಕಿಂತ ಹೆಚ್ಚು ಬೇಕಾಗಿರುವುದು ನಗರದ ಅಂಚಿನಲ್ಲಿ. ನಗರದ ಮಧ್ಯೆ ನಿರ್ಧಾರಗಳು ಯಾವತ್ತೋ ಆಗಿಹೋಗಿವೆ. ಧರ್ಮಾಂಬುಧಿ ಕೆರೆ ಇದ್ದ ಜಾಗದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಇದೆ, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಇದೆ. ಅದನ್ನು ಈಗ ಯಾರೂ ವಾಪಸ್ ತರೋಕಾಗಲ್ಲ. ದೂರದ ಹಳ್ಳಿಯಲ್ಲಿ ಬದಲಾವಣೆ ನಿಧಾನ. ಆದರೆ ಅಂಚಿನಲ್ಲಿ? ಒಂದು ಕಡೆ ರಾಗಿ ಹೊಲ, ಪಕ್ಕದಲ್ಲೇ ಸೈಟಿಗೆ ನೆಟ್ಟ ಕಲ್ಲುಗಳು, ಅದರಾಚೆ ಇಪ್ಪತ್ತು ಅಂತಸ್ತಿನ ಟವರ್. ಹತ್ತು ವರ್ಷದಲ್ಲಿ ಊರಿನ ಗುರುತೇ ಸಿಗದಷ್ಟು ಬದಲಾವಣೆ. ತಪ್ಪು ಮಾಡೋದೂ ಇಲ್ಲೇ, ಸರಿ ಮಾಡೋ ಅವಕಾಶ ಇರೋದೂ ಇಲ್ಲೇ.

ನಮಗೆ ಹತ್ತಿರದ ಉದಾಹರಣೆ ಬೆಂಗಳೂರು. ಹಾಗಾಗಿ ಪೂರ್ತಿ ಪಾಠವನ್ನು ಬೆಂಗಳೂರಿನ ಅಂಚನ್ನೇ ಇಟ್ಟುಕೊಂಡು ನೋಡೋಣ.

1. ಬೆಂಗಳೂರಿನ ನೆಲ ಹೇಗಿದೆ?

ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ಒಂದು ದಿಬ್ಬದ ಮೇಲೆ ಕೂತಿರುವ ಊರು. ಹತ್ತಿರದಲ್ಲಿ ದೊಡ್ಡ ನದಿ ಇಲ್ಲ. ಕಾವೇರಿ ನೀರನ್ನು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪ್ ಮಾಡಿ ತರಬೇಕು. ಆದರೆ ಮಳೆ ಕಡಿಮೆ ಏನಲ್ಲ, ವರ್ಷಕ್ಕೆ ಸರಾಸರಿ 900 ಮಿಲಿಮೀಟರ್ ಮೇಲೆಯೇ ಬೀಳುತ್ತದೆ.

ದಿಬ್ಬದ ಮೇಲೆ ಬಿದ್ದ ಮಳೆ ಮೂರು ಮುಖ್ಯ ಕಣಿವೆಗಳಲ್ಲಿ ಹರಿದುಹೋಗುತ್ತದೆ. ಪಶ್ಚಿಮದ ಕಡೆ ವೃಷಭಾವತಿ ಕಣಿವೆ, ಇದು ಅರ್ಕಾವತಿ ಮೂಲಕ ಕಾವೇರಿ ಸೇರುತ್ತದೆ. ಇನ್ನೆರಡು ಹೆಬ್ಬಾಳ ಕಣಿವೆ ಮತ್ತು ಕೋರಮಂಗಲ-ಚಲ್ಲಘಟ್ಟ ಕಣಿವೆ. ಇವೆರಡೂ ಪೂರ್ವಕ್ಕೆ ಹರಿದು ದಕ್ಷಿಣ ಪಿನಾಕಿನಿ ಸೇರುತ್ತವೆ. ನದಿ ಇಲ್ಲದ ಊರಿನಲ್ಲಿ ಹಿಂದಿನವರು ಮಾಡಿದ ಉಪಾಯ ಏನು? ಇಳಿಜಾರಿನ ಉದ್ದಕ್ಕೂ ಮೆಟ್ಟಿಲಿನ ಹಾಗೆ ಕೆರೆ ಕಟ್ಟಿದರು. ಮೇಲಿನ ಕೆರೆ ತುಂಬಿದರೆ ಹೆಚ್ಚಾದ ನೀರು ಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ. ಅದು ತುಂಬಿದರೆ ಇನ್ನೂ ಕೆಳಗಿನದಕ್ಕೆ. ಕಸವನಹಳ್ಳಿ, ಕೈಕೊಂಡ್ರಹಳ್ಳಿ, ಸೌಳ್ ಕೆರೆ, ಬೆಳ್ಳಂದೂರು, ವರ್ತೂರು: ಇದು ಅಂಥ ಒಂದು ಸರಪಳಿ. ಸರಪಳಿಯಲ್ಲಿ ಒಂದು ಕೊಂಡಿ ಕಿತ್ತರೆ ಉಳಿದದ್ದೂ ಕೆಲಸ ಮಾಡಲ್ಲ.

2. ಹಳ್ಳಿಯ ನಕ್ಷೆಯೇ ಒಂದು ಪ್ಲಾನ್

ನನ್ನಂತೆ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರಿಗೆ ಕ್ಯಾಚ್‌ಮೆಂಟ್, ಸ್ಲೂಯಿಸ್, ವೇಸ್ಟ್ ವಿಯರ್ ಪದಗಳು ಮೊದಲು ಸಿಗುವುದು ಟೆಕ್ಸ್ಟ್ ಬುಕ್‌ನಲ್ಲಿ. ಆದರೆ ಇವಕ್ಕೆಲ್ಲ ಕನ್ನಡದಲ್ಲಿ ಪದ ಇದೆ, ಯಾಕಂದರೆ ಆ ವಸ್ತುಗಳು ಇಲ್ಲೇ ಇದ್ದವು. ಬಯಲುಸೀಮೆಯ ಒಂದು ಸಾಮಾನ್ಯ ಹಳ್ಳಿಯ ಭಾಗಗಳನ್ನು ನೋಡಿ:

ಗ್ರಾಮಠಾಣ: ಮನೆಗಳಿರುವ ಜಾಗ. ಸಾಮಾನ್ಯವಾಗಿ ಸ್ವಲ್ಪ ಎತ್ತರದಲ್ಲಿ ಇರುತ್ತದೆ, ನೀರು ನಿಲ್ಲದ ಕಡೆ.

ಗೋಮಾಳ: ದನ ಮೇಯಲು ಬಿಟ್ಟ ಜಾಗ. ಬಿದ್ದ ಮಳೆ ನಿಧಾನವಾಗಿ ಇಳಿದು ಕೆರೆಗೆ ಬರುವುದು ಇಂಥ ಕಡೆಯಿಂದ.

ಗುಂಡುತೋಪು: ಊರಿನ ಮರಗಳ ತೋಪು. ಮಾವು, ಹುಣಸೆ, ಹೊಂಗೆ, ನೇರಳೆ, ಹಲಸು. ನೆರಳು, ಹಣ್ಣು, ಜಾತ್ರೆ, ದಾರಿಹೋಕರ ವಿಶ್ರಾಂತಿ ಎಲ್ಲಕ್ಕೂ.

ಕುಂಟೆ, ಕಟ್ಟೆ: ಸಣ್ಣ ಹೊಂಡಗಳು. ದನಕ್ಕೆ ನೀರು, ಜೊತೆಗೆ ಸುತ್ತಲಿನ ಬಾವಿಗೆ ಒರತೆ.

ಕೆರೆ: ಇದಕ್ಕೆ ಮೂರು ಅಂಗ. ನೀರು ತಡೆಯುವ ಏರಿ, ಬೇಕಾದಾಗ ನೀರು ಬಿಡುವ ತೂಬು, ಹೆಚ್ಚಾದದ್ದು ಹೊರಗೆ ಹೋಗುವ ಕೋಡಿ.

ಅಚ್ಚುಕಟ್ಟು: ಕೆರೆಯ ಕೆಳಗೆ ತೂಬಿನ ನೀರಿನಿಂದ ಬೆಳೆಯುವ ಭೂಮಿ. ಭತ್ತ, ತರಕಾರಿ, ತೋಟ.

ರಾಜಕಾಲುವೆ: ಒಂದು ಕೆರೆಯ ಕೋಡಿಯನ್ನು ಮುಂದಿನ ಕೆರೆಗೆ ಜೋಡಿಸುವ ದಾರಿ.

ನೀರುಗಂಟಿ: ಇದು ಜಾಗ ಅಲ್ಲ, ಮನುಷ್ಯ. ತೂಬು ತೆಗೆದು ಹಾಕಿ, ಯಾರ ಗದ್ದೆಗೆ ಎಷ್ಟು ನೀರು ಅಂತ ನೋಡಿಕೊಳ್ಳುವವನು.

ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. ಎತ್ತರದ ಜಾಗ, ಇಂಗುವ ಜಾಗ, ಹಿಡಿದಿಡುವ ಜಾಗ, ಬೆಳೆಯುವ ಜಾಗ, ಹರಿದುಹೋಗುವ ದಾರಿ, ನಿರ್ವಹಣೆಗೆ ಒಬ್ಬ ಮನುಷ್ಯ. ಇವತ್ತು 'ಗ್ರೀನ್-ಬ್ಲೂ ಇನ್‌ಫ್ರಾಸ್ಟ್ರಕ್ಚರ್' ಅಂತ ದೊಡ್ಡ ದೊಡ್ಡ ಸೆಮಿನಾರ್‌ಗಳಲ್ಲಿ ಹೇಳುವುದು ಹೆಚ್ಚುಕಡಿಮೆ ಇದನ್ನೇ. ಹಾಗಂತ ಹಳೇ ಕಾಲ ಸ್ವರ್ಗ ಆಗಿತ್ತು ಅಂತ ನಾನು ಹೇಳ್ತಿಲ್ಲ. ಅಚ್ಚುಕಟ್ಟಿನ ಒಳ್ಳೇ ಭೂಮಿ ಯಾರ ಕೈಯಲ್ಲಿತ್ತು, ಬಾವಿಯ ನೀರು ಯಾರಿಗೆ ಸಿಗುತ್ತಿರಲಿಲ್ಲ ಅನ್ನೋದು ನಮಗೆ ಗೊತ್ತಿರೋದೇ. ಆದರೆ ನೆಲ ಮತ್ತು ನೀರಿನ ಲೆಕ್ಕ ಮಾತ್ರ ಸರಿಯಾಗಿತ್ತು.

ಈಗ ಒಂದು ಪದದ ಬಗ್ಗೆ ಹೇಳಬೇಕು: ಖರಾಬು. ಕಂದಾಯ ಇಲಾಖೆಯ ದಾಖಲೆಯಲ್ಲಿ, ಪಹಣಿಯಲ್ಲಿ, ಇದು ಕಾಣಿಸುತ್ತದೆ. ಕಂದಾಯ ಹಾಕದ ಜಾಗಕ್ಕೆ ಖರಾಬು ಅಂತಾರೆ. ಅದರಲ್ಲಿ 'ಎ' ಖರಾಬು ಅಂದರೆ ಬೇಸಾಯಕ್ಕೆ ಬಾರದ ಜಾಗ. 'ಬಿ' ಖರಾಬು ಅಂದರೆ ಹಳ್ಳ, ಕಾಲುವೆ, ದಾರಿ, ಸ್ಮಶಾನದಂಥ ಸಾರ್ವಜನಿಕ ಉಪಯೋಗದ ಜಾಗ. ಖರಾಬು ಅಂದರೆ ಕೆಟ್ಟದ್ದು. ಸರ್ಕಾರಕ್ಕೆ ಕಂದಾಯ ತರುವುದಿಲ್ಲ, ಆದ್ದರಿಂದ ಕೆಟ್ಟದ್ದು! ಆದರೆ ನೀರಿನ ದೃಷ್ಟಿಯಿಂದ ನೋಡಿದರೆ ಇಡೀ ಹಳ್ಳಿಯಲ್ಲಿ ಹೆಚ್ಚು ಕೆಲಸ ಮಾಡುವ ಜಾಗಗಳಲ್ಲಿ ಹಳ್ಳ ಮತ್ತು ಕಾಲುವೆ ಸೇರುತ್ತವೆ. ನಗರ ಬಂದಾಗ ಮೊದಲು ಮಾಯವಾಗುವುದೂ ಇಂಥ ಜಾಗಗಳೇ. ಖಾಸಗಿ ಹೊಲಕ್ಕೆ ಕೇಳುವ ಮಾಲೀಕ ಇರುತ್ತಾನೆ. ಗೋಮಾಳಕ್ಕೆ, ಕುಂಟೆಗೆ, ಹಳ್ಳಕ್ಕೆ ಇಡೀ ಊರು ಮಾಲೀಕ, ಆದ್ದರಿಂದ ಕೇಳುವವರು ಕಡಿಮೆ. ಬಸ್ ಡಿಪೋ ಬೇಕಾ, ಕಚೇರಿ ಬೇಕಾ, ಶಾಲೆ ಬೇಕಾ? ಸರ್ಕಾರಕ್ಕೆ ಸುಲಭವಾಗಿ ಸಿಗುವುದು ಇದೇ ಜಾಗ.

3. ಒಂದು ಸಣ್ಣ ಲೆಕ್ಕ

ಇದನ್ನು ಬರೀ ಭಾವನೆಯಿಂದ ಹೇಳಿದರೆ ಸಾಲದು, ನಾವು ಇಂಜಿನಿಯರಿಂಗ್ ವಿದ್ಯಾರ್ಥಿಗಳು. ರ‍್ಯಾಷನಲ್ ಮೆಥಡ್ ಅಂತ ಒಂದು ಸರಳ ಸೂತ್ರ ಇದೆ:

ಕ್ಯೂ = ಸಿ × ಐ × ಎ ÷ 360

ಇಲ್ಲಿ ಕ್ಯೂ ಅಂದರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ನೀರು ಹರಿದುಬರುತ್ತದೆ ಅನ್ನೋದು. ಐ ಅಂದರೆ ಗಂಟೆಗೆ ಎಷ್ಟು ಮಿಲಿಮೀಟರ್ ಮಳೆ. ಎ ಅಂದರೆ ಹೆಕ್ಟೇರ್‌ನಲ್ಲಿ ವಿಸ್ತೀರ್ಣ. ಸಿ ಅಂದರೆ ಬಿದ್ದ ಮಳೆಯಲ್ಲಿ ಎಷ್ಟು ಪಾಲು ಇಂಗದೆ ಹರಿಯುತ್ತದೆ ಅನ್ನುವ ಗುಣಾಂಕ. ಹೊಲ, ಹುಲ್ಲುಗಾವಲಿಗೆ ಇದು ಕಡಿಮೆ. ಕಾಂಕ್ರೀಟಿಗೆ, ಡಾಂಬರಿಗೆ ಜಾಸ್ತಿ.

100 ಹೆಕ್ಟೇರ್, ಅಂದರೆ ಸುಮಾರು 250 ಎಕರೆಯ ಒಂದು ಹಳ್ಳಿ ಜಾಗ ತಗೊಳ್ಳೋಣ. ಗಂಟೆಗೆ 50 ಮಿಲಿಮೀಟರ್ ಮಳೆ ಅಂತಿಟ್ಟುಕೊಳ್ಳೋಣ. ಬೆಂಗಳೂರಿನ ಒಂದು ಜೋರು ಮಳೆಗೆ ಇದು ಏನೂ ಹೊಸದಲ್ಲ.

ಹೊಲ, ಗೋಮಾಳ ಇದ್ದಾಗ ಸಿ = 0.2 ಎಂದು ಹಿಡಿದರೆ: 0.2 × 50 × 100 ÷ 360 = ಸೆಕೆಂಡಿಗೆ ಸುಮಾರು 2.8 ಘನ ಮೀಟರ್.

ಪೂರ್ತಿ ಲೇಔಟ್ ಆದ ಮೇಲೆ ಸಿ = 0.8 ಎಂದು ಹಿಡಿದರೆ: 0.8 × 50 × 100 ÷ 360 = ಸೆಕೆಂಡಿಗೆ ಸುಮಾರು 11.1 ಘನ ಮೀಟರ್.

ಅದೇ ಮಳೆ, ಅದೇ ಜಾಗ, ನಾಲ್ಕು ಪಟ್ಟು ನೀರು. ಮೊದಲಿದ್ದ ಕಾಲುವೆ ಅಗಲ ಆಗಿದೆಯಾ? ಇಲ್ಲ, ಸಾಮಾನ್ಯವಾಗಿ ಒತ್ತುವರಿಯಾಗಿ ಕಿರಿದಾಗಿರುತ್ತದೆ. ವಾಸ್ತವದಲ್ಲಿ ಪರಿಸ್ಥಿತಿ ಈ ಲೆಕ್ಕಕ್ಕಿಂತ ಕೆಟ್ಟದ್ದು. ಕಾಂಕ್ರೀಟ್ ಮೇಲೆ ನೀರು ಬೇಗ ಓಡುತ್ತದೆ, ಎಲ್ಲ ಕಡೆಯ ನೀರು ಒಂದೇ ಹೊತ್ತಿಗೆ ಕಾಲುವೆಗೆ ಬಂದು ಬೀಳುತ್ತದೆ.

ಇನ್ನೊಂದು ಮುಖ ನೋಡಿ. ಆ ಒಂದು ಗಂಟೆಯಲ್ಲಿ 100 ಹೆಕ್ಟೇರ್ ಮೇಲೆ ಬಿದ್ದ ಒಟ್ಟು ನೀರು 5 ಕೋಟಿ ಲೀಟರ್. ಮೊದಲು ಹರಿದುಹೋಗುತ್ತಿದ್ದದ್ದು 1 ಕೋಟಿ, ಈಗ 4 ಕೋಟಿ. ಅಂದರೆ ನೆಲದಲ್ಲಿ ನಿಲ್ಲುತ್ತಿದ್ದ 3 ಕೋಟಿ ಲೀಟರ್ ಈಗ ನಿಲ್ಲುತ್ತಿಲ್ಲ. 6,000 ಲೀಟರ್‌ನ ಟ್ಯಾಂಕರ್ ಲೆಕ್ಕದಲ್ಲಿ 5,000 ಟ್ಯಾಂಕರ್ ನೀರು! ಇದೆಲ್ಲ ಅಂತರ್ಜಲಕ್ಕೆ ಹೋಗುತ್ತಿತ್ತು ಅಂತಲ್ಲ. ಸ್ವಲ್ಪ ಆವಿಯಾಗುತ್ತದೆ, ಸ್ವಲ್ಪ ಬೆಳೆ ಕುಡಿಯುತ್ತದೆ, ಸ್ವಲ್ಪ ಕೆಳಗಿಳಿಯುತ್ತದೆ. ಆದರೂ ಮಳೆಗಾಲದಲ್ಲಿ ಮುಳುಗುವ ಬಡಾವಣೆಯೇ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾಯುವುದು ಯಾಕೆ ಅನ್ನೋ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ಪ್ರವಾಹ ಮತ್ತು ಬರ ಎರಡು ಬೇರೆ ಸಮಸ್ಯೆಗಳಲ್ಲ.

4. 110 ಹಳ್ಳಿಗಳ ಕಥೆ

2007ರಲ್ಲಿ ಬಿಬಿಎಂಪಿ ಆದಾಗ ಸುತ್ತಲಿನ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳು ಬೆಂಗಳೂರಿಗೆ ಸೇರಿದವು. ನಗರದ ವಿಸ್ತೀರ್ಣ ಸುಮಾರು 226 ಚದರ ಕಿಲೋಮೀಟರ್‌ನಿಂದ 700 ದಾಟಿತು. ಕಾಗದದ ಮೇಲೆ ಹಳ್ಳಿ ನಗರ ಆಯ್ತು. ಅಪಾರ್ಟ್‌ಮೆಂಟ್, ಐಟಿ ಪಾರ್ಕ್ ಬಂದವು. ಆದರೆ ನೀರಿನ ಪೈಪು, ಒಳಚರಂಡಿ ಅದೇ ವೇಗದಲ್ಲಿ ಬರಲಿಲ್ಲ. ಈ 110 ಹಳ್ಳಿಗಳಿಗಾಗಿ ಮಾಡಿದ ಕಾವೇರಿ ಐದನೇ ಹಂತ, ದಿನಕ್ಕೆ 775 ದಶಲಕ್ಷ ಲೀಟರ್‌ನ ಯೋಜನೆ, ಉದ್ಘಾಟನೆ ಆಗಿದ್ದು 2024ರ ಅಕ್ಟೋಬರ್‌ನಲ್ಲಿ. ಮಧ್ಯೆ 17 ವರ್ಷ. ಅಷ್ಟು ಕಾಲ ಜನ ಬದುಕಿದ್ದು ಹೆಚ್ಚಾಗಿ ಬೋರ್‌ವೆಲ್ ಮತ್ತು ಟ್ಯಾಂಕರ್ ಮೇಲೆ. 2024ರ ಬೇಸಿಗೆಯಲ್ಲಿ ನಗರದ ಸರ್ಕಾರಿ ಬೋರ್‌ವೆಲ್‌ಗಳಲ್ಲಿ ಸುಮಾರು ಅರ್ಧದಷ್ಟು ಬತ್ತಿವೆ ಎಂದು ಸರ್ಕಾರವೇ ಹೇಳಿತು.

ಬಳಸಿದ ನೀರಿನ ಕಥೆಯೂ ಇದೇ. ಒಳಚರಂಡಿ ಇಲ್ಲದ ಕಡೆ ಕೊಳಚೆ ರಾಜಕಾಲುವೆಗೆ, ಅಲ್ಲಿಂದ ಕೆರೆಗೆ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೆಳತುದಿಯಲ್ಲಿ ಇರುವ ಬೆಳ್ಳಂದೂರು ಮತ್ತು ವರ್ತೂರು ಕೆರೆಗಳು ಇಡೀ ಕಣಿವೆಯ ಕೊಳಚೆ ಹೊತ್ತುಕೊಂಡವು. ನೊರೆ ರಸ್ತೆಗೆ ಹಾರಿದ್ದನ್ನು, 2017 ಮತ್ತು 2018ರಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದಿದ್ದನ್ನು ನಾವು ಶಾಲೆಯಲ್ಲಿದ್ದಾಗ ಟಿವಿಯಲ್ಲಿ ನೋಡಿದ್ದೇವೆ. 2022ರ ಸೆಪ್ಟೆಂಬರ್‌ನಲ್ಲಿ ಒಂದೇ ರಾತ್ರಿಯಲ್ಲಿ ಸುಮಾರು 130 ಮಿಲಿಮೀಟರ್ ಮಳೆ ಸುರಿದಾಗ ಹೊರವರ್ತುಲ ರಸ್ತೆ, ಸರ್ಜಾಪುರ ರಸ್ತೆ, ಯಮಲೂರು ಮುಳುಗಿದವು. ಕೋಟಿ ಬೆಲೆಯ ವಿಲ್ಲಾಗಳಿಂದ ಜನ ಟ್ರ್ಯಾಕ್ಟರ್ ಹತ್ತಿ ಹೊರಗೆ ಬಂದರು. ಮುಳುಗಿದ್ದರಲ್ಲಿ ಕೂಲಿ ಕಾರ್ಮಿಕರ ಶೆಡ್‌ಗಳೂ ಇದ್ದವು, ಅವು ಟಿವಿಯಲ್ಲಿ ಕಡಿಮೆ ಕಂಡವು. ನೀರು ಯಾರ ಮನೆ ಅಂತ ನೋಡಿ ಬರಲಿಲ್ಲ, ತನ್ನ ಹಳೇ ದಾರಿ ಹಿಡಿದು ಬಂತು.

5. ಪ್ಲಾನ್ ಇರಲಿಲ್ವಾ?

ಇತ್ತು. 1984ರ ಸಮಗ್ರ ಅಭಿವೃದ್ಧಿ ಯೋಜನೆಯಲ್ಲೇ ನಗರದ ಸುತ್ತ ಹಸಿರು ಪಟ್ಟಿ, ಅಂದರೆ ಗ್ರೀನ್ ಬೆಲ್ಟ್, ಗುರುತಿಸಿದ್ದರು. 2007ರಲ್ಲಿ ಒಪ್ಪಿಗೆ ಪಡೆದ 2015ರ ಮಾಸ್ಟರ್ ಪ್ಲಾನ್‌ನಲ್ಲೂ ಕೃಷಿ ವಲಯ ಇತ್ತು. ಮುಂದಿನ ಮಾಸ್ಟರ್ ಪ್ಲಾನ್‌ನ ಕರಡು 2017ರಲ್ಲಿ ಹೊರಬಂತು, ಆಮೇಲೆ ಅದನ್ನು ಹಿಂಪಡೆದರು. ಹೀಗಾಗಿ 2015ಕ್ಕೆ ಅಂತ ಮಾಡಿದ ಪ್ಲಾನ್ ಆ ವರ್ಷ ದಾಟಿದ ಮೇಲೂ ಬಳಕೆಯಲ್ಲೇ ಉಳಿಯಿತು.

ಹಾಗಾದರೆ ಹಸಿರು ಪಟ್ಟಿ ಯಾಕೆ ನಿಲ್ಲಲಿಲ್ಲ? ನನಗೆ ಮೂರು ಕಾರಣ ಕಾಣುತ್ತವೆ.

ಮೊದಲನೆಯದು, ಅದು ಬಣ್ಣವೇ ಹೊರತು ಯೋಜನೆ ಅಲ್ಲ. ನಕ್ಷೆಯಲ್ಲಿ ಹಸಿರು ಹಚ್ಚಿದರು, ಆದರೆ ಆ ಹಸಿರಿನೊಳಗೆ ಯಾವ ಹಳ್ಳ ಮುಖ್ಯ, ಯಾವ ಗೋಮಾಳ ಮುಖ್ಯ, ಅಲ್ಲಿ ಬೇಸಾಯ ಉಳಿಯಲು ಏನು ಮಾಡಬೇಕು ಅಂತ ಹೇಳಲಿಲ್ಲ.

ಎರಡನೆಯದು, ಶೇಕಡ ಮತ್ತು ಸ್ಥಳದ ವ್ಯತ್ಯಾಸ. ಲೇಔಟ್ ಮಾಡುವಾಗ ಪಾರ್ಕಿಗೆ ಇಷ್ಟು ಪಾಲು ಬಿಡಬೇಕು ಅನ್ನೋ ನಿಯಮ ಇದೆ. ಒಳ್ಳೇದೇ. ಆದರೆ ಎಷ್ಟು ಬಿಡಬೇಕು ಅನ್ನುವುದಕ್ಕಿಂತ ಎಲ್ಲಿ ಬಿಡಬೇಕು ಅನ್ನೋದು ದೊಡ್ಡ ಪ್ರಶ್ನೆ. ಸೈಟುಗಳನ್ನೆಲ್ಲ ಚೌಕವಾಗಿ ಕತ್ತರಿಸಿದ ಮೇಲೆ ಉಳಿದ ತ್ರಿಕೋನದ ಮೂಲೆ ಪಾರ್ಕ್ ಆದರೆ ನಿಯಮ ಪಾಲಿಸಿದಂತಾಯ್ತು, ಆದರೆ ಹಳ್ಳದ ದಾರಿಯಲ್ಲಿ ಮನೆ ಎದ್ದಿರುತ್ತದೆ. ಅದೇ ಜಾಗವನ್ನು ಹಳ್ಳದ ಎರಡೂ ಬದಿಗೆ ಉದ್ದಕ್ಕೆ ಬಿಟ್ಟಿದ್ದರೆ? ಒಂದು ಗುಂಟೆಯೂ ಹೆಚ್ಚು ಕಳೆದುಕೊಳ್ಳದೆ ನೀರಿಗೂ ದಾರಿ, ನಡೆಯೋಕೂ ದಾರಿ ಸಿಗುತ್ತಿತ್ತು.

ಬಫರ್ ವಿಷಯವನ್ನೂ ಇಲ್ಲೇ ಹೇಳಬಹುದು. ಮಾಸ್ಟರ್ ಪ್ಲಾನ್ ಪ್ರಕಾರ ಕೆರೆಯ ಸುತ್ತ 30 ಮೀಟರ್, ರಾಜಕಾಲುವೆಗಳಿಗೆ ಅವುಗಳ ದರ್ಜೆ ನೋಡಿ 50, 25, 15 ಮೀಟರ್ ಬಿಡಬೇಕಿತ್ತು. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರ್, ಕಾಲುವೆಗಳಿಗೆ 50, 35, 25 ಮೀಟರ್ ಎಂದು ಹೇಳಿತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬದಿಗಿಟ್ಟಿತು, ಮಾಸ್ಟರ್ ಪ್ಲಾನ್‌ನ ಅಳತೆಯೇ ಉಳಿಯಿತು. 30 ಬೇಕೋ 75 ಬೇಕೋ ಅನ್ನುವ ಜಗಳ ಮುಖ್ಯವೇ. ಆದರೆ ಎಲ್ಲ ಕೆರೆಗೂ ಒಂದೇ ಅಳತೆ ಇಡುವುದು ಸ್ಕೇಲ್ ಹಿಡಿದು ಮಾಡುವ ಕೆಲಸ. ಕೆರೆಗೆ ನೀರು ತುಂಬುವ ಇಳಿಜಾರಿನ ಕಡೆಗೂ ಏರಿಯ ಹಿಂಬದಿಗೂ ಒಂದೇ ನಿಯಮ ಹೇಗೆ ಸರಿಹೋಗುತ್ತದೆ?

ಮೂರನೆಯದು ರೈತನ ಪ್ರಶ್ನೆ. ಇದು ದೊಡ್ಡದು, ಪ್ರತ್ಯೇಕವಾಗಿ ಮುಂದೆ ಬರುತ್ತೇನೆ.

6. ಹಾಗಾದರೆ ಹೇಗೆ ಮಾಡಬೇಕು?

1969ರಲ್ಲಿ ಇಯಾನ್ ಮೆಕ್‌ಹಾರ್ಗ್ ಎಂಬ ಭೂದೃಶ್ಯ ತಜ್ಞ 'ಡಿಸೈನ್ ವಿತ್ ನೇಚರ್' ಅನ್ನುವ ಪುಸ್ತಕ ಬರೆದ. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವನು. ಅವನ ವಿಧಾನ ಸರಳ: ಇಳಿಜಾರು, ನೀರು, ಮಣ್ಣು, ಕಾಡು ಇವುಗಳಿಗೆ ಒಂದೊಂದು ಪಾರದರ್ಶಕ ಹಾಳೆಯಲ್ಲಿ ನಕ್ಷೆ ಮಾಡಿ, ಒಂದರ ಮೇಲೊಂದು ಇಟ್ಟು ನೋಡುವುದು. ಎಲ್ಲ ಹಾಳೆಯಲ್ಲೂ ಗಾಢವಾಗಿ ಕಾಣುವ ಜಾಗ ಮುಟ್ಟಬಾರದ್ದು, ತಿಳಿಯಾಗಿ ಕಾಣುವ ಜಾಗ ಕಟ್ಟಬಹುದಾದದ್ದು. ಇವತ್ತು ನಾವು ಜಿಐಎಸ್‌ನಲ್ಲಿ 'ಲೇಯರ್' ಅಂತ ಮಾಡೋದು ಇದೇ ಯೋಚನೆ.

ನಮ್ಮ ಅಂಚಿನ ಒಂದು ಹಳ್ಳಿಗೆ ಇದನ್ನು ಹೀಗೆ ಅನ್ವಯಿಸಬಹುದು:

ಹೆಜ್ಜೆ 1, ಎಲ್ಲೆ ಹಾಕುವುದು. ಪಂಚಾಯಿತಿಯ ಎಲ್ಲೆ ಅಲ್ಲ, ಜಲಾನಯನದ ಎಲ್ಲೆ. ನೀರಿಗೆ ಪಂಚಾಯಿತಿ ಗೊತ್ತಿಲ್ಲ. ಮೇಲಿನ ಊರಿನ ಲೇಔಟ್ ಕೆಳಗಿನ ಊರನ್ನು ಮುಳುಗಿಸುತ್ತದೆ.

ಹೆಜ್ಜೆ 2, ಪದರಗಳು. ಕಾಂಟೂರ್ ಮತ್ತು ಇಳಿಜಾರು, ಕೆರೆ, ಕುಂಟೆ, ಹಳ್ಳ, ಮಣ್ಣು, ಈಗಿನ ಬೆಳೆ, ಮರದ ತೋಪು, ಹಳೇ ಗ್ರಾಮ ನಕ್ಷೆಯ ಗೋಮಾಳ ಮತ್ತು 'ಬಿ' ಖರಾಬು. ಜೊತೆಗೆ ಊರಿನ ಹಿರಿಯರನ್ನು ಕೇಳಿ ಬರೆದ ಒಂದು ಪದರ: ಜೋರು ಮಳೆ ಬಂದಾಗ ನೀರು ಎಲ್ಲಿವರೆಗೆ ನಿಲ್ಲುತ್ತಿತ್ತು? ಇದು ಯಾವ ಸ್ಯಾಟಲೈಟ್‌ನಲ್ಲೂ ಸಿಗಲ್ಲ.

ಹೆಜ್ಜೆ 3, ಮೂರು ಭಾಗ ಮಾಡುವುದು. ಕಟ್ಟಲೇಬಾರದ ಜಾಗ: ಕೆರೆ, ಹಳ್ಳ, ಅವುಗಳ ಪ್ರವಾಹದ ಬಯಲು, ತೋಪು. ಷರತ್ತಿನ ಮೇಲೆ ಕಟ್ಟಬಹುದಾದ ಜಾಗ: ಇಲ್ಲಿ ಮನೆ ಬರಲಿ, ಆದರೆ ನೆಲದ ಇಷ್ಟು ಭಾಗ ಇಂಗುವಂತೆ ಉಳಿಯಬೇಕು. ದಟ್ಟವಾಗಿ ಕಟ್ಟಬಹುದಾದ ಜಾಗ: ಎತ್ತರದ, ಗಟ್ಟಿ ನೆಲದ, ರಸ್ತೆ ಮತ್ತು ಬಸ್ಸಿಗೆ ಹತ್ತಿರದ ಜಾಗ.

ಹೆಜ್ಜೆ 4, ಜೋಡಿಸುವುದು. ಬಿಟ್ಟ ಜಾಗಗಳು ಬಿಡಿ ಬಿಡಿಯಾಗಿ ಇದ್ದರೆ ಉಪಯೋಗ ಕಡಿಮೆ. ತೋಪಿನಿಂದ ಕುಂಟೆಗೆ, ಕುಂಟೆಯಿಂದ ಕೆರೆಗೆ, ಕೋಡಿಯಿಂದ ಮುಂದಿನ ಕೆರೆಗೆ ಹಸಿರಿನ ಸರಪಳಿ ಆಗಬೇಕು.

ಹೆಜ್ಜೆ 5, ಇಷ್ಟಾದ ಮೇಲೆ ರಸ್ತೆ ಮತ್ತು ಸೈಟು.

ಮೂರನೇ ಹೆಜ್ಜೆಯ ಕೊನೆಯ ಭಾಗವನ್ನು ಮರೀಬೇಡಿ. ಜನರಿಗೆ ಮನೆ ಬೇಕು. ಎಲ್ಲ ಕಡೆ 'ಕಟ್ಟಬೇಡಿ' ಅಂದರೆ ಲೇಔಟ್ ಇನ್ನೂ ಹತ್ತು ಕಿಲೋಮೀಟರ್ ಆಚೆ ಹೋಗುತ್ತದೆ, ಇನ್ನೊಂದು ಕೆರೆ ಹೋಗುತ್ತದೆ. ಎಲ್ಲಿ ಬೇಡ ಅಂತ ಗಟ್ಟಿಯಾಗಿ ಹೇಳಬೇಕಾದರೆ, ಎಲ್ಲಿ ಸರಿ ಅಂತಲೂ ಗಟ್ಟಿಯಾಗಿ ಹೇಳಬೇಕು.

7. ನಷ್ಟ ಯಾರಿಗೆ?

ಈಗ ರೈತನ ಪ್ರಶ್ನೆ. ಇಬ್ಬರು ಅಣ್ಣತಮ್ಮಂದಿರು ಅಂದುಕೊಳ್ಳಿ. ಒಬ್ಬನ ಎರಡು ಎಕರೆ ಪ್ಲಾನ್‌ನಲ್ಲಿ ಹಳದಿ, ಅಂದರೆ ವಸತಿ. ಇನ್ನೊಬ್ಬನ ಎರಡು ಎಕರೆ ಹಸಿರು. ಮೊದಲನೆಯವನು ಭೂಪರಿವರ್ತನೆ ಮಾಡಿಸಿ ಮಾರಿ ಕೋಟ್ಯಧಿಪತಿ ಆಗುತ್ತಾನೆ. ಎರಡನೆಯವನು ಇಡೀ ಊರಿಗೆ ನೀರು ಇಂಗಿಸಿಕೊಡುತ್ತಾನೆ, ಗಾಳಿ ತಂಪಾಗಿಡುತ್ತಾನೆ, ಬದಲಿಗೆ ಏನೂ ಸಿಗಲ್ಲ. ಮಗಳ ಮದುವೆಗೋ ಆಸ್ಪತ್ರೆ ಖರ್ಚಿಗೋ ದುಡ್ಡು ಬೇಕಾದಾಗ ಅವನು ಅನುಮತಿಯಿಲ್ಲದ ರೆವಿನ್ಯೂ ಸೈಟು ಮಾಡಿ ಮಾರಿದರೆ, ಅವನನ್ನು ಮಾತ್ರ ಬೈಯೋದು ನ್ಯಾಯವಾ? ಹಸಿರಿನ ಖರ್ಚನ್ನು ಒಬ್ಬನ ಮೇಲೆ ಹಾಕಿದ ಪ್ಲಾನ್ ನಿಲ್ಲಲ್ಲ.

ಇದಕ್ಕೆ ಒಂದು ದಾರಿ ಗುಜರಾತಿನ ಟೌನ್ ಪ್ಲಾನಿಂಗ್ ಸ್ಕೀಮ್. ಅಹಮದಾಬಾದಿನ ಅಂಚು ಬೆಳೆದಿದ್ದು ಹೆಚ್ಚಾಗಿ ಇದರ ಮೂಲಕ. ಒಂದು ಪ್ರದೇಶದ ಎಲ್ಲ ಜಮೀನನ್ನು ಲೆಕ್ಕಕ್ಕೆ ಒಟ್ಟುಗೂಡಿಸುತ್ತಾರೆ. ಪ್ರತಿಯೊಬ್ಬರಿಂದ ಒಂದು ಪಾಲು ರಸ್ತೆ, ಪಾರ್ಕ್, ಸಾರ್ವಜನಿಕ ಕೆಲಸಕ್ಕೆ ಹೋಗುತ್ತದೆ. ಉಳಿದದ್ದನ್ನು ಸರಿಯಾದ ಆಕಾರದ ನಿವೇಶನವಾಗಿ ಅವರವರಿಗೇ ವಾಪಸ್ ಕೊಡುತ್ತಾರೆ. ಯಾರೊಬ್ಬರೂ ಪೂರ್ತಿ ಕಳೆದುಕೊಳ್ಳಲ್ಲ, ಯಾರೊಬ್ಬರೂ ಪೂರ್ತಿ ಲಾಭ ಹೊಡೆಯಲ್ಲ. ಈ ವಿಧಾನಕ್ಕೆ ಹಳ್ಳ-ಕೆರೆಯ ನಕ್ಷೆ ಸೇರಿಸಿದರೆ? ಹಳ್ಳದ ಪಕ್ಕದ ರೈತನೂ ನಿವೇಶನ ಪಡೆಯುತ್ತಾನೆ, ಹಳ್ಳವೂ ಉಳಿಯುತ್ತದೆ.

ಆದರೆ ಮಾರಲು ಇಷ್ಟವೇ ಇಲ್ಲದ ರೈತರೂ ಇದ್ದಾರೆ ಅನ್ನೋದನ್ನು ಪ್ಲಾನ್ ಮಾಡುವವರು ನೆನಪಿಡಬೇಕು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ಏರೋಸ್ಪೇಸ್ ಪಾರ್ಕಿಗೆ 1,777 ಎಕರೆ ಸ್ವಾಧೀನಕ್ಕೆ ಹೊರಟಾಗ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಹೋರಾಡಿದರು. 2025ರ ಜುಲೈನಲ್ಲಿ ಸರ್ಕಾರ ಆ ಸ್ವಾಧೀನವನ್ನು ಕೈಬಿಟ್ಟಿತು. ದ್ರಾಕ್ಷಿ, ತರಕಾರಿ, ಹೂವು ಬೆಳೆಯುವ ಭೂಮಿ 'ಖಾಲಿ ಜಾಗ' ಅಲ್ಲ. ದೇವನಹಳ್ಳಿ ಚಕ್ಕೋತ, ಬೆಂಗಳೂರು ನೀಲಿ ದ್ರಾಕ್ಷಿ ಎರಡಕ್ಕೂ ಜಿಐ ಟ್ಯಾಗ್ ಇದೆ. ನಗರದ ತರಕಾರಿ ನಗರದ ಹತ್ತಿರವೇ ಬೆಳೆಯುವುದು ಕೂಡ ಸುಸ್ಥಿರ ಅಭಿವೃದ್ಧಿಯ ಭಾಗ.

8. ಆಗಿದೆಯಾ ಎಲ್ಲಾದರೂ?

ಎರಡು ಉದಾಹರಣೆ ಕೊಡುತ್ತೇನೆ. ಒಂದು ನಮ್ಮಲ್ಲೇ, ಉತ್ತರದ ಜಕ್ಕೂರು ಕೆರೆ. ಇಲ್ಲಿ ಕೊಳಚೆ ಮೊದಲು ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ. ಅಲ್ಲಿಂದ ಬಂದ ನೀರು ಜೊಂಡು ಬೆಳೆದ ಜೌಗು ಜಾಗದಲ್ಲಿ ನಿಧಾನವಾಗಿ ಹಾದು ಕೆರೆ ಸೇರುತ್ತದೆ. ಜೊಂಡು ಉಳಿದ ಪೋಷಕಾಂಶವನ್ನು ಹೀರುತ್ತದೆ. ಇಲ್ಲಿ ಮೀನುಗಾರಿಕೆ ಇದೆ, ಹಕ್ಕಿ ಬರುತ್ತವೆ, ಸುತ್ತಲಿನ ನಿವಾಸಿಗಳು ಕಾವಲಿದ್ದಾರೆ. ಇದಕ್ಕೆ ಸಮಸ್ಯೆ ಇಲ್ಲ ಅಂತಲ್ಲ, ಆದರೆ ಯಂತ್ರ ಮತ್ತು ನಿಸರ್ಗ ಎರಡನ್ನೂ ಸರಣಿಯಲ್ಲಿ ಜೋಡಿಸಿದ ಒಳ್ಳೇ ಪಾಠ.

ಇನ್ನೊಂದು ಕೋಲ್ಕತ್ತ. ನಗರದ ಪೂರ್ವದ ಅಂಚಿನಲ್ಲಿ ಸುಮಾರು 12,500 ಹೆಕ್ಟೇರ್ ಜೌಗು ಪ್ರದೇಶ ಇದೆ. ನಗರದ ಕೊಳಚೆ ಆಳವಿಲ್ಲದ ಹೊಂಡಗಳಿಗೆ ಹೋಗಿ, ಬಿಸಿಲು ಮತ್ತು ಪಾಚಿಯಿಂದ ಶುದ್ಧವಾಗಿ, ಅಲ್ಲೇ ಮೀನು ಬೆಳೆದು, ಮುಂದೆ ಅದೇ ನೀರಿನಲ್ಲಿ ಭತ್ತ, ತರಕಾರಿ ಬೆಳೆಯುತ್ತದೆ. ಮೀನುಗಾರರು ಹಿಂದಿನಿಂದ ಮಾಡಿಕೊಂಡು ಬಂದಿದ್ದ ಈ ಕೆಲಸದ ಬೆಲೆಯನ್ನು ಜಗತ್ತಿಗೆ ತೋರಿಸಿಕೊಟ್ಟವರು ಧ್ರುವಜ್ಯೋತಿ ಘೋಷ್ ಅನ್ನುವ ಇಂಜಿನಿಯರ್. 2002ರಲ್ಲಿ ಅದು ರಾಮ್ಸಾರ್ ತಾಣ ಆಯ್ತು. ಹೊಸದಾಗಿ ಏನನ್ನೂ ಕಟ್ಟದೆ, ಇರುವುದನ್ನು ಅರ್ಥ ಮಾಡಿಕೊಂಡು ಉಳಿಸಿದ್ದೂ ಇಂಜಿನಿಯರಿಂಗ್ ಕೆಲಸವೇ ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ನನಗೆ ಸಿಕ್ಕಿಲ್ಲ.

9. ನಮಗೆ ಅಭ್ಯಾಸ

ಹೊಸಕೋಟೆ, ಆನೇಕಲ್, ನೆಲಮಂಗಲ, ದೇವನಹಳ್ಳಿ, ಬಿಡದಿ: ಮುಂದಿನ ಅಂಚು ಈಗ ಅಲ್ಲಿದೆ. ನಾವು ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರುವ ಹೊತ್ತಿಗೆ ಅಲ್ಲಿನ ಲೇಔಟ್ ಡ್ರಾಯಿಂಗ್‌ಗಳು ನಮ್ಮ ಟೇಬಲ್‌ಗೇ ಬರುತ್ತವೆ. ಸರ್ವೆ ನಂಬರಿನ ಗೆರೆಯ ಜೊತೆ ಹಳ್ಳದ ಗೆರೆಯನ್ನೂ ನೋಡುವ ಅಭ್ಯಾಸ ಈಗಲೇ ಮಾಡಿಕೊಳ್ಳೋಣ. ಸಿವಿಲ್‌ನವರಷ್ಟೇ ಅಲ್ಲ, ಕಂಪ್ಯೂಟರ್ ಸೈನ್ಸ್‌ನವರೂ ಸೇರಬಹುದು, ಡೇಟಾ ಕೆಲಸ ಇದರಲ್ಲಿ ಬೇಕಾದಷ್ಟಿದೆ.

1. ನಿಮ್ಮ ಮನೆ ಅಥವಾ ಹಾಸ್ಟೆಲ್ ಯಾವ ಕಣಿವೆಯಲ್ಲಿದೆ? ನಿಮ್ಮ ಮೇಲಿನ ಕೆರೆ ಯಾವುದು, ಕೆಳಗಿನದು ಯಾವುದು? ಬೆಂಗಳೂರಿನವರಲ್ಲದಿದ್ದರೆ ನಿಮ್ಮ ಊರಿಗೆ ಇದೇ ಪ್ರಶ್ನೆ ಹಾಕಿಕೊಳ್ಳಿ.

2. ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ನೀವು ನಿಂತ ಜಾಗದ ಸರ್ವೆ ನಂಬರ್ ಸಿಗುತ್ತದೆ. ಕಾಲೇಜಿನ ಸುತ್ತ ಒಂದು ಸುತ್ತು ಹಾಕಿ, ಕಾಲುವೆ ಅಂತ ನಕ್ಷೆಯಲ್ಲಿ ಇರುವ ಕಡೆ ಈಗ ಏನಿದೆ ಅಂತ ಬರೆದುಕೊಳ್ಳಿ.

3. ಕ್ಯೂಜಿಐಎಸ್ ಉಚಿತ ಸಾಫ್ಟ್‌ವೇರ್. ಎಲಿವೇಷನ್ ಡೇಟಾ ಕೂಡ ಉಚಿತವಾಗಿ ಸಿಗುತ್ತದೆ. ಒಂದು ಕೆರೆಯ ಜಲಾನಯನದ ಎಲ್ಲೆ ಹಾಕಿ ನೋಡಿ. ಆಮೇಲೆ ಮೇಲಿನ ರ‍್ಯಾಷನಲ್ ಮೆಥಡ್ ಲೆಕ್ಕವನ್ನು ಅದಕ್ಕೆ ಹಾಕಿ. ನೆನಪಿಡಿ, ಈ ಸೂತ್ರ ಸಣ್ಣ ಜಲಾನಯನಕ್ಕೆ ಮಾತ್ರ ಸರಿ, ಆದ್ದರಿಂದ ಸಣ್ಣ ಕೆರೆಯನ್ನೇ ಆರಿಸಿ.

4. ಅಜ್ಜ ಅಜ್ಜಿ ಇದ್ದರೆ ಕೇಳಿ: ನಿಮ್ಮೂರಲ್ಲಿ ಗುಂಡುತೋಪು ಎಲ್ಲಿತ್ತು? ಕೆರೆ ಕೋಡಿ ಬಿದ್ದಿದ್ದು ಕೊನೇ ಸಲ ಯಾವಾಗ? ನೀರುಗಂಟಿ ಯಾರಿದ್ದರು? ಉತ್ತರವನ್ನು ಅವರ ಮಾತಿನಲ್ಲೇ ಕನ್ನಡದಲ್ಲಿ ಬರೆದಿಡಿ. ಹೆಜ್ಜೆ 2ರ ಕೊನೆಯ ಪದರ ತಯಾರಾಗುವುದು ಹೀಗೇ.

ನಾಲ್ಕರಲ್ಲಿ ಒಂದನ್ನಾದರೂ ಮಾಡಿದವರು ಸಂಘಕ್ಕೆ ಕಳಿಸಿ. ನಾಲ್ಕೈದು ಊರಿನ ನಕ್ಷೆ ಸೇರಿದರೆ ಮುಂದಿನ ಸಂಚಿಕೆಯಲ್ಲಿ ಒಟ್ಟಿಗೆ ಹಾಕಬಹುದು.